ನಗಾರಿ ನಿಂತ ಪುಟ

ಐತಿಹಾಸಿಕ ಕಾದಂಬರಿ ಬರೆಯುವವರಿಗೆ ಒಂದು ಕೆಟ್ಟ ಅಭ್ಯಾಸವಿದೆ. ಗಂಡ ಹೆಂಡತಿ ಕೋಟೆಗೋಡೆಯ ಮೇಲೆ ಕೂತು ಹುರಿಗಡಲೆ ತಿನ್ನುತ್ತ ಏನೋ ಸಣ್ಣ ಮಾತಿಗೆ ನಗುತ್ತಿರುತ್ತಾರೆ. ಕೆಳಗೆ ಹೊಲಗಳಲ್ಲಿ ರಾಗಿ ಬಲಿತಿರುತ್ತದೆ. ಆಗ ಲೇಖಕರು, ಯಾರೂ ಕೇಳದಿದ್ದರೂ, ಒಂದು ವಾಕ್ಯ ಸೇರಿಸುತ್ತಾರೆ: ಅವರಿಬ್ಬರೂ ಹಾಗೆ ಜೊತೆಯಲ್ಲಿ ಕೂತದ್ದು ಅದೇ ಕೊನೆ. ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಹುರಿಗಡಲೆ, ಮತ್ತೆ ನಗು. ಆದರೆ ಓದುವವರಿಗೆ ಆ ನಗು ಇನ್ನು ಮೊದಲಿನಂತೆ ಕೇಳಿಸುವುದಿಲ್ಲ.

ಇಂಥ ಕಾದಂಬರಿಗಳ ಹುಚ್ಚು ನನಗೆ ಹಿಡಿದದ್ದು ಗೌರಿಬಿದನೂರಿನಲ್ಲಿ, ಹೈಸ್ಕೂಲಿನಲ್ಲಿದ್ದಾಗ. ನಮ್ಮ ಮನೆ ರೈಲ್ವೆ ಗೇಟಿನ ಆಚೆಗಿತ್ತು. ಹಿಂದೂಪುರದ ಕಡೆಯ ರೈಲು ಬಂದರೆ ಅಡುಗೆಮನೆಯ ಗೋಡೆಗೆ ಒರಗಿಸಿದ ತಟ್ಟೆಗಳು ಅದುರುತ್ತಿದ್ದವು. ಗ್ರಂಥಾಲಯದಿಂದ ತಂದ ದಪ್ಪ ದಪ್ಪ ಪುಸ್ತಕಗಳನ್ನು ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದೆ. ಕೋಟೆ ಬೀಳುತ್ತದೆ ಎಂಬುದು ಮೊದಲೇ ಗೊತ್ತಿರುತ್ತಿತ್ತು. ಶಾಲೆಯ ಚರಿತ್ರೆಯ ಪಾಠದಲ್ಲಿ ಯಾರು ಗೆದ್ದರು, ಯಾರು ಸೋತರು ಅಂತ ಓದಿ ಪರೀಕ್ಷೆಯನ್ನೂ ಬರೆದಾಗಿರುತ್ತಿತ್ತು. ಹಾಗಿದ್ದೂ ಪ್ರತಿ ಸಲ, ಈ ಪುಸ್ತಕದಲ್ಲಿ ಬೀಳದೆ ಇರಬಹುದು ಅಂದುಕೊಂಡೇ ಓದುತ್ತಿದ್ದೆ. ಓಲೆಕಾರ ಸರಿಯಾದ ಸಮಯಕ್ಕೆ ತಲುಪಬಹುದು, ಬಾಗಿಲ ಕಾವಲಿನವನು ಲಂಚ ಬೇಡ ಅನ್ನಬಹುದು. ಹಾಗಾಗುತ್ತಿರಲಿಲ್ಲ. ನಾನು ಬಿ.ಎಡ್. ಮಾಡುತ್ತಿದ್ದಾಗ ಅಮ್ಮ ತೀರಿಕೊಂಡರು. ಅವರು ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಒಲೆಯ ಮೇಲೆ ಹಾಲು ಇಟ್ಟಿದ್ದೀನಿ, ಉಕ್ಕದಂತೆ ನೋಡಿಕೋ ಅಂತ ನನಗೆ ಹೇಳಿದ್ದರು. ಅದು ಅವರ ಕೊನೆಯ ಮಾತು ಅಂತ ಆ ಹೊತ್ತಿನಲ್ಲಿ ಯಾರೂ ನನ್ನ ಕಿವಿಯಲ್ಲಿ ಪಿಸುಗುಟ್ಟಲಿಲ್ಲ. ಆಮೇಲಿಂದ ಕಾದಂಬರಿಯ ಆ ಕೆಟ್ಟ ವಾಕ್ಯದ ಮೇಲೆ ನನಗೆ ಸಿಟ್ಟು ಹೋಗಿ ಒಂದು ಬಗೆಯ ಅಸೂಯೆ ಬಂತು. ಅಲ್ಲಿಯವರ ಪಾಲಿಗೆ ಇದೇ ಕೊನೆ ಅಂತ ತಿಳಿದು ನೋಡುವವರು ಯಾರೋ ಒಬ್ಬರಾದರೂ ಇರುತ್ತಾರಲ್ಲ ಅಂತ.

ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದೆ. ನನ್ನ ಗಂಡನಿಗೆ ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬರುವುದು. ನನಗೂ ಊರಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿತು. ಮನೆಯಲ್ಲಿ ಅತ್ತೆ. ಮಾವ ಬಹಳ ಹಿಂದೆಯೇ ಇಲ್ಲವಾಗಿದ್ದರು. ಊರಾಚೆ ಇದ್ದ ಹಿಪ್ಪುನೇರಳೆ ತೋಟವನ್ನು ಅತ್ತೆ ಒಬ್ಬರೇ ನಿಭಾಯಿಸಿಕೊಂಡು ಬಂದಿದ್ದರು. ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಬಸ್ಸಿನ ಬೋರ್ಡು, ಔಷಧಿ ಡಬ್ಬಿಯ ಮೇಲಿನ ಅಕ್ಷರ, ಮದುವೆ ಪತ್ರಿಕೆ—ಇಷ್ಟನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ನಾನು ಪುಸ್ತಕ ಹಿಡಿದು ಕೂತರೆ ಅವರಿಗೆ ಅಸಮಾಧಾನವೇನೂ ಇರಲಿಲ್ಲ, ಆದರೆ ಎಂಥ ಪುಸ್ತಕ ಅಂತ ಒಂದು ದಿನ ಕೇಳಿ ತಿಳಿದುಕೊಂಡ ಮೇಲೆ, "ಯಾವತ್ತೋ ಸತ್ತೋರನ್ನ ಮನೇಗೆ ಕರ್ಕೊಂಡು ಬಂದು ಯಾಕಮ್ಮ ಕೂರಿಸ್ಕೋತೀಯ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಆ ವರ್ಷ ಚಿಂತಾಮಣಿಯಲ್ಲಿದ್ದ ನಾದಿನಿಯ ಮನೆಗೆ ಹೋದಾಗ ಗಂಡ ನನ್ನನ್ನು ಅಂಬಾಜಿದುರ್ಗಕ್ಕೆ ಕರೆದುಕೊಂಡು ಹೋದರು. ಅಷ್ಟು ವರ್ಷ ಕೋಟೆಗಳ ಬಗ್ಗೆ ಓದಿದ್ದವಳು ನಿಜವಾದ ದುರ್ಗವೊಂದನ್ನು ಹತ್ತಿದ್ದು ಅದೇ ಮೊದಲು. ಮುರಿದ ಗೋಡೆ, ಬಂಡೆಯ ಸಂದಿನಲ್ಲಿ ಹಸಿರುಗಟ್ಟಿದ ನೀರು, ಗಾಳಿ. ಕೆಳಗೆ ಟೊಮ್ಯಾಟೊ ತೋಟಗಳು, ಪಾಲಿಹೌಸುಗಳ ಬಿಳಿ, ಎಲ್ಲೋ ಒಂದು ಬೋರ್‌ವೆಲ್ ಲಾರಿಯ ಸದ್ದು. ಗಂಡ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು. ನಾನು ಗೋಡೆಯ ಮೇಲೆ ಕೈ ಇಟ್ಟೆ. ಬಿಸಿಲಿಗೆ ಕಾದಿರಬೇಕಾಗಿದ್ದ ಕಲ್ಲು ತಣ್ಣಗಿತ್ತು. ಏನೂ ಇಲ್ಲ, ಆ ಮಗ್ಗುಲಿಗೆ ನೆರಳು ಇತ್ತು, ಅಷ್ಟೇ. ಆದರೂ ಕೈ ಹಿಂದಕ್ಕೆ ತೆಗೆದುಕೊಂಡುಬಿಟ್ಟೆ. ಅಲ್ಲಿಂದಾಚೆಗೆ ನಾನು ಓದಿದ ಎಲ್ಲ ಕಾದಂಬರಿಗಳ ಎಲ್ಲ ಕೋಟೆಗಳೂ ಅಂಬಾಜಿದುರ್ಗದ ಹಾಗೆಯೇ ಕಾಣತೊಡಗಿದವು.

ಶಾಲೆಯಲ್ಲಿ ನನಗೊಬ್ಬಳು ಗೆಳತಿ ಸಿಕ್ಕಿದ್ದಳು. ಹಿಂದಿ ಕಲಿಸುತ್ತಿದ್ದಳು, ಮನೆಯಲ್ಲಿ ಉರ್ದು, ಹೊರಗೆ ನಮ್ಮಂತೆಯೇ ಅರ್ಧ ಕನ್ನಡ ಅರ್ಧ ತೆಲುಗು. ಅವಳ ಅಣ್ಣನದು ಹಳೇ ಪೇಪರಿನ ಗುಜರಿ ಅಂಗಡಿ. ರದ್ದಿಗೆ ಬಂದ ಪುಸ್ತಕಗಳಲ್ಲಿ ಕಾದಂಬರಿಗಳನ್ನು ಆರಿಸಿ ಅವಳು ನನಗೆ ತಂದುಕೊಡುತ್ತಿದ್ದಳು, ಮೊದಲು ತಾನು ಓದಿ. ಅವಳ ಓದೇ ಬೇರೆ. ಪ್ರೀತಿಯ ಭಾಗ ಬಂದರೆ ನಿಧಾನ, ಯುದ್ಧ ಬಂದರೆ ಹಾಳೆ ಹಾಳೆ ಮಗುಚಿಬಿಡುವುದು.

"ಯುದ್ಧ ಎಲ್ಲಾ ಬುಕ್ಕಲ್ಲೂ ಒಂದೇ ಮೇಡಂ. ಸಾಯೋರ ಹೆಸರು ಮಾತ್ರ ಬೇರೆ," ಅನ್ನುತ್ತಿದ್ದಳು.

"ನಡುವೆ ಬಿಟ್ಟುಬಿಟ್ರೆ ಯುದ್ಧಕ್ಕೆ ಹೋದವನು ಯಾಕೆ ವಾಪಸ್ ಬರಲಿಲ್ಲ ಅಂತ ಹೆಂಗೆ ಗೊತ್ತಾಗುತ್ತೆ?"

"ಬರಲಿಲ್ಲ ಅಂತ ಗೊತ್ತಾದ್ರೆ ಸಾಕಲ್ಲ. ಯಾಕೆ ಅಂತ ತಗೊಂಡು ಕಾದು ಕೂತೋಳು ಏನು ಮಾಡ್ತಾಳೆ."

ಈ ಮಾತು ಆಗ ನನಗೆ ಸರಿ ಅನ್ನಿಸಿರಲಿಲ್ಲ. ಯಾಕೆ ಎಂಬುದೇ ಮುಖ್ಯ ಅಂದುಕೊಂಡಿದ್ದೆ.

ನಾನು ಬಸುರಿಯಾಗಿ ಏಳನೇ ತಿಂಗಳಲ್ಲಿ ರಜೆ ಹಾಕಿದಾಗ ಅವಳು ಒಂದು ಪುಸ್ತಕ ತಂದುಕೊಟ್ಟಳು. ರಟ್ಟೂ ಇಲ್ಲ, ಮೊದಲ ಹಾಳೆಗಳೂ ಇಲ್ಲ. ಅದರ ಹೆಸರೇನು, ಬರೆದವರು ಯಾರು ಅಂತ ಇವತ್ತಿಗೂ ನನಗೆ ತಿಳಿಯದು. ಒಂದು ಸಣ್ಣ ಪಾಳೆಯಪಟ್ಟಿನ ಗುಡ್ಡದ ಕೋಟೆ, ಅದರ ಸುತ್ತ ಬಂದು ಬೀಡುಬಿಟ್ಟ ದೊಡ್ಡ ದಂಡು. ರಾಜ, ರಾಣಿ, ದಳವಾಯಿ ಎಲ್ಲರೂ ದೂರದಲ್ಲೆಲ್ಲೋ ಇರುತ್ತಾರೆ. ಕಥೆ ಇರುವುದು ನಗಾರಿ ಬಾರಿಸುವವನ ಹೆಂಡತಿಯದು. ಅವಳೂ ಬಸುರಿ. ಗಂಡನಿಗೆ ಬುರುಜು ಬಿಟ್ಟು ಇಳಿಯಲು ಅಪ್ಪಣೆಯಿಲ್ಲ; ಅವಳಿಗೆ ಮೇಲೆ ಹೋಗಲು ಬಿಡುವುದಿಲ್ಲ. ದಿನಾ ಮುಚ್ಚಂಜೆಗೆ ಅವನು ನಗಾರಿ ಬಾರಿಸುತ್ತಾನೆ. ಕೋಟೆಯ ಜನಕ್ಕೆ ಅದು ಬಾಗಿಲು ಮುಚ್ಚಿತು ಎಂಬ ಸೂಚನೆ. ಅವಳಿಗೆ, ಅವನು ಇದ್ದಾನೆ ಎಂಬ ಸೂಚನೆ. ಒಲೆಯ ಮುಂದೆ ಕೂತಿದ್ದವಳು ಸದ್ದು ಬಂದಾಗ ಕೈ ನಿಲ್ಲಿಸಿ ಕೇಳಿ, ಮತ್ತೆ ರಾಗಿ ಮುದ್ದೆ ತಿರುವುತ್ತಾಳೆ. ದಿನ ಕಳೆದ ಹಾಗೆ ರಾಗಿ ಗಂಜಿಯಾಗುತ್ತದೆ, ಗಂಜಿ ನೀರಾಗುತ್ತದೆ. ಕೊಳದಲ್ಲಿ ಯಾರೂ ನೋಡಿರದ ಮೆಟ್ಟಿಲುಗಳು ನೀರಿನಿಂದ ಮೇಲಕ್ಕೆ ಬರುತ್ತವೆ. ನಗಾರಿ ಮಾತ್ರ ತಪ್ಪುವುದಿಲ್ಲ.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ತವರಿನಲ್ಲಿ ಅಮ್ಮ ಇರಲಿಲ್ಲ, ಅಪ್ಪನಿಗೆ ಏನೂ ತೋಚುತ್ತಿರಲಿಲ್ಲ. "ಇಲ್ಲೇ ಇರಲಿ ಬಿಡಿ, ಬಾಣಂತನ ನಾನ್ ಮಾಡ್ತೀನಿ. ನನಗೇನು ಕೈ ಬಿದ್ದೋಗಿದ್ಯಾ," ಅಂತ ಅತ್ತೆಯೇ ಅಪ್ಪನಿಗೆ ಫೋನಿನಲ್ಲಿ ಹೇಳಿದರು. ನಡುಮನೆಯ ಕೋಣೆಗೆ ಸುಣ್ಣ ಹೊಡೆಸಿದರು. ಹಳೆಯ ಸೀರೆಗಳನ್ನು ಒಗೆದು, ಹರಿದು, ಮಡಚಿ ಪೆಟ್ಟಿಗೆಯಲ್ಲಿ ಇಟ್ಟರು. ಇಷ್ಟೆಲ್ಲ ಪ್ರೀತಿಯ ನಡುವೆ ನನ್ನ ಕೈಯಲ್ಲಿದ್ದ ಪುಸ್ತಕ ಮಾತ್ರ ಅವರನ್ನು ಚುಚ್ಚುತ್ತಿತ್ತು.

"ಇಂಥಾ ಟೈಮಲ್ಲಿ ಹೊಡೆದಾಟ ಗಿಡೆದಾಟ ಓದಬಾರದು ಕಣಮ್ಮ. ಒಳಗಿರೋದಕ್ಕೆ ಎಲ್ಲಾ ಕೇಳಿಸ್ತದೆ."

"ಮನಸ್ಸಲ್ಲೇ ಓದ್ತೀನಲ್ಲ ಅತ್ತೆ. ಅದಕ್ಕೆಲ್ಲಿ ಕೇಳುತ್ತೆ?"

"ನಿನ್ನ ಮನಸ್ಸು ಅದರ ಮನಸ್ಸು ಬೇರೆನಾ?"

ಅಷ್ಟು ಹೊತ್ತಿಗೆ ನನಗೂ ಏನೋ ಶುರುವಾಗಿತ್ತು. ಓದುವಾಗ ಎಡಗೈಯಲ್ಲಿ ಪುಸ್ತಕ, ಬಲಗೈ ಹೊಟ್ಟೆಯ ಮೇಲೆ. ಮಗು ಸಂಜೆಯಾದರೆ ಒದೆಯುತ್ತಿತ್ತು. ಹಗಲಲ್ಲಿ ಆಗಾಗ ಸುಮ್ಮನೆ ಮಿಸುಕಾಡಿ, ಪಕ್ಕದ ಬೀದಿಯ ನೂಲು ಬಿಚ್ಚುವ ಮನೆಗಳಿಂದ ಬೆಂದ ರೇಷ್ಮೆಗೂಡಿನ ವಾಸನೆ ತೆಳುವಾಗುತ್ತ ಬಂದ ಹೊತ್ತಿಗೆ, ಪಕ್ಕೆಯ ಕೆಳಗೆ ಡಬ್ ಡಬ್ ಅನ್ನುತ್ತಿತ್ತು. ನಾನೂ ಕೈ ನಿಲ್ಲಿಸಿ ಕೇಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದ್ದರೆ, ಈ ಹುಡುಗಿಗೆ ಓದಿ ಓದಿ ತಲೆ ಕೆಟ್ಟಿದೆ ಅನ್ನುತ್ತಿದ್ದರು, ಪ್ರೀತಿಯಿಂದಲೇ.

ಎಂಟನೇ ತಿಂಗಳ ಕೊನೆಯಲ್ಲಿ ಒಂದು ಸಂಜೆ ಮಗು ಒದೆಯಲಿಲ್ಲ. ಬೆಳಿಗ್ಗೆಯೂ ಇಲ್ಲ. ಗಂಡ ರಜೆ ಹಾಕಿ ಕಾರು ಮಾಡಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಮಂಜು. ನಂದಿಯ ಕಡೆಯ ಗುಡ್ಡಗಳು ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಡಾಕ್ಟರಮ್ಮ ಯಂತ್ರ ಇಟ್ಟು ಕೇಳಿಸಿದರು: ಕುದುರೆ ಓಡಿದ ಹಾಗೆ ಸದ್ದು. ಚೆನ್ನಾಗಿದೆ, ಮಲಗಿರುತ್ತೆ, ಮತ್ತೆ ಕಡಿಮೆ ಅನ್ನಿಸಿದರೆ ತಡಮಾಡದೆ ಬನ್ನಿ ಅಂದರು. ವಾಪಸ್ಸು ಬರುವಾಗ ಮಂಜು ಕರಗಿ ಬಿಸಿಲು ಬಂದಿತ್ತು. ಗಂಡ ದಾರಿಯಲ್ಲಿ ದ್ರಾಕ್ಷಿ ಕೊಂಡರು. ಕಾರಿನಲ್ಲಿ ಮೂವರೂ, ಅತ್ತೆಯೂ ಸೇರಿ, ಏನೇನೋ ಮಾತಾಡಿ ನಕ್ಕೆವು. ನಗುತ್ತಿರುವಾಗಲೇ ಆ ಕೆಟ್ಟ ವಾಕ್ಯ ನನ್ನ ತಲೆಗೆ ಬಂತು. ಬಾಯಲ್ಲಿದ್ದ ದ್ರಾಕ್ಷಿಯ ಬೀಜವನ್ನು ಕಿಟಕಿಯಾಚೆ ಉಗುಳಿ, ಇದು ಕಾದಂಬರಿಯಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಅದಾಗಿ ವಾರ ಕಳೆದಿರಬೇಕು. ಮಧ್ಯಾಹ್ನ ಊಟವಾದ ಮೇಲೆ ಹಾಸಿಗೆಯ ಮೇಲೆ ಒರಗಿ ಓದುತ್ತಿದ್ದೆ. ಕೋಟೆಯಲ್ಲಿ ಮುಚ್ಚಂಜೆ. ಅವಳು ಒಲೆಯ ಮುಂದೆ ಕೂತಿದ್ದಾಳೆ. ಒಲೆಯ ಮೇಲೆ ಬರೀ ಬಿಸಿನೀರು. ಕತ್ತಲು ಕವಿಯುತ್ತದೆ. ಅಕ್ಕಪಕ್ಕದವರು ಅಂಗಳಕ್ಕೆ ಬಂದು ಬುರುಜಿನ ಕಡೆ ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಅವಳನ್ನು ಮಾತ್ರ ಯಾರೂ ನೋಡುವುದಿಲ್ಲ. ನಗಾರಿ ಕೇಳಿಸುವುದಿಲ್ಲ.

ಆ ಪುಟದ ಕೊನೆಗೆ ಬಂದಾಗ ನನ್ನ ಬಲಗೈಗೂ ಏನೂ ತಿಳಿಯುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಎಷ್ಟು ಹೊತ್ತಿನಿಂದ ಹಾಗಿತ್ತೋ. ಪಕ್ಕಕ್ಕೆ ಹೊರಳಿದೆ. ಹೊಟ್ಟೆಯನ್ನು ಮೆಲ್ಲಗೆ ತಟ್ಟಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಯಾಕಮ್ಮ, ಕಣ್ಣಲ್ಲಿ ನೀರು?"

"ಅತ್ತೆ, ಇವತ್ತು ಒದೀತಾ ಇಲ್ಲ."

ಅವರು ಹತ್ತಿರ ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಓದುತ್ತಿದ್ದ ಪುಟಕ್ಕೆ ಬೆರಳು ಇಟ್ಟುಕೊಂಡೇ ಇದ್ದರು, ನಾನು ಮತ್ತೆ ಕೇಳಿದರೆ ಕೊಡಬೇಕೇನೋ ಎನ್ನುವ ಹಾಗೆ. ಆಮೇಲೆ ಹಾಳೆಯ ತುದಿ ಮಡಚಿ, ಬೀರುವಿನ ಮೇಲೆ, ಕೈಗೆ ಎಟುಕದ ಕಡೆ ಇಟ್ಟರು.

"ಸಾಕು ಇನ್ನ. ದಿನ ತುಂಬ್ತಾ ಬಂದ್ರೆ ಒಳಗೆ ಜಾಗ ಸಾಲಲ್ಲ. ಮಕ್ಕಳು ಸುಮ್ಮನಾಗ್ತವೆ. ಹೋದ್ಸಲಾನೂ ಹಿಂಗೇ ಹೆದರಿದ್ಯಲ್ಲ. ಬೆಲ್ಲ ಹಾಕಿ ಹಾಲು ಕೊಡ್ತೀನಿ, ಕುಡಿದು ಎಡಕ್ಕೆ ಮಲಕ್ಕೋ."

ಕುಡಿದೆ. ಎಡಕ್ಕೆ ಮಲಗಿದೆ. ಅತ್ತೆ ನನ್ನ ಕಾಲ ಬಳಿ ಕೂತರು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು. ಬಿಸಿಲು ಕಿಟಕಿಯಿಂದ ನೆಲಕ್ಕೆ, ನೆಲದಿಂದ ಬಾಗಿಲಿಗೆ ಸರಿಯಿತು. ಅತ್ತೆ ಆಗಾಗ ನನ್ನ ಹೊಟ್ಟೆಯ ಮೇಲೆ ಕೈ ಇಡುವರು, ತೆಗೆಯುವರು. ಆಮೇಲಾಮೇಲೆ ಕೈ ಇಡುವುದನ್ನು ನಿಲ್ಲಿಸಿದರು. ಬಿಸಿಲು ಬಾಗಿಲಿಗೆ ಬಂದಾಗ ಅವರೇ ಎದ್ದು ಮಗನಿಗೆ ಫೋನ್ ಮಾಡಿ, "ಕಾರ್ ತಗೊಂಡೇ ಬಾಪ್ಪ" ಅಂದರು. ಅವರ ದನಿ ಬದಲಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಯಂತ್ರ ಇಟ್ಟರು. ಜಾಗ ಬದಲಾಯಿಸಿ ಇಟ್ಟರು. ಇನ್ನೊಂದು ಕಡೆ ಇಟ್ಟರು. ಮೊದಲ ಸಲ ನನ್ನ ಕಡೆಗೆ ತಿರುಗಿಸಿದ್ದ ಪರದೆಯನ್ನು ಈ ಸಲ ತಮ್ಮ ಕಡೆಗೇ ಇಟ್ಟುಕೊಂಡಿದ್ದರು. ಆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಏನೂ ಕೇಳುತ್ತಿರಲಿಲ್ಲ. ನರ್ಸ್ ನನ್ನನ್ನು ನೋಡದೆ ಟ್ರೇಯಲ್ಲಿದ್ದ ಹತ್ತಿಯನ್ನು ಜೋಡಿಸುತ್ತಿದ್ದಳು. ನನಗೆ ಗೊತ್ತಾಯಿತು.

ಹೆರಿಗೆಯ ಬಗ್ಗೆ ಹೆಚ್ಚು ಬರೆಯಲಾರೆ. ಗಂಡುಮಗು. ತಲೆ ತುಂಬ ಕೂದಲಿತ್ತು. ಹೊಕ್ಕುಳಬಳ್ಳಿಯಲ್ಲಿ ಗಂಟು ಬಿದ್ದು ಬಿಗಿದುಕೊಂಡಿತ್ತು ಅಂತ ಡಾಕ್ಟರಮ್ಮ ಮಾರನೆಯ ದಿನ ಹಾಸಿಗೆಯ ಪಕ್ಕ ಕೂತು ಬಿಡಿಸಿ ಹೇಳಿದರು. "ನೀವು ಗಮನಿಸೋ ಹೊತ್ತಿಗೆ ಆಗಲೇ ಮುಗಿದಿತ್ತು ಅನ್ಸುತ್ತೆ. ಇದು ಯಾರ ತಪ್ಪೂ ಅಲ್ಲ. ತಿಂದಿದ್ದರಿಂದ, ಕೂತಿದ್ದರಿಂದ, ಯೋಚನೆ ಮಾಡಿದ್ದರಿಂದ ಆಗೋದಲ್ಲ." ನಾನು ತಲೆಯಾಡಿಸಿದೆ. ನಂಬಿದೆ ಅಂತಲ್ಲ.

ಮನೆಗೆ ಬಂದ ಮೇಲೆ ನೆಂಟರು ಬಂದರು. ಸುಣ್ಣ ಬಳಿದ ಕೋಣೆಯಲ್ಲೇ ನಾನು ಮಲಗಿದ್ದೆ. ಹೊರಗೆ ಜಗಲಿಯ ಮೇಲೆ ಕೂತಿದ್ದ ಗಂಡನ ಕಡೆಯ ಹಿರಿಯ ಹೆಂಗಸೊಬ್ಬರು ಅತ್ತೆಗೆ ಹೇಳುತ್ತಿದ್ದದ್ದು ಕೇಳಿಸಿತು: "ಒಂದೇ ಸಮ ಯುದ್ಧದ ಕಥೆ ಓದ್ತಿದ್ಲಂತಲ್ಲ. ಸಾವು ಓದಿದ್ರೆ ಸಾವೇ ತಾನೆ ಬರೋದು. ನೀನಾದ್ರೂ ಹೇಳಬಾರದಾಗಿತ್ತಾ."

ಅತ್ತೆ ಏನನ್ನುತ್ತಾರೋ ಅಂತ ಕಾದೆ. ಲೋಟ ಕೆಳಗಿಟ್ಟ ಸದ್ದು ಬಂತು, ಅಷ್ಟೇ. ಅವರು ಇಲ್ಲ ಅನ್ನಲಿಲ್ಲ.

ಆ ಮೌನವನ್ನು ನಾನು ನನ್ನ ಮೇಲಿನ ತೀರ್ಪು ಅಂತ ತೆಗೆದುಕೊಂಡೆ. ಮುಂದಿನ ತಿಂಗಳುಗಳಲ್ಲಿ ಅತ್ತೆ ನನ್ನ ಎಣ್ಣೆನೀರು, ಕಷಾಯ, ಊಟ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಕಣ್ಣು ಕೊಟ್ಟು ಮಾತಾಡುತ್ತಿರಲಿಲ್ಲ. ನಾನು ಒಂದು ಕೋಣೆಗೆ ಬಂದರೆ ಅವರಿಗೆ ಇನ್ನೊಂದರಲ್ಲಿ ಕೆಲಸ ನೆನಪಾಗುತ್ತಿತ್ತು. ಗಂಡ ಬೆಳಿಗ್ಗೆ ಹೋಗುತ್ತಿದ್ದರು, ಸಂಜೆ ಬರುತ್ತಿದ್ದರು, ಟಿವಿ ಹಾಕಿಕೊಂಡು ಅದನ್ನು ನೋಡದೆ ಕೂರುತ್ತಿದ್ದರು. ಒಂದು ಮನೆ ಹೊರಗಿನಿಂದ ಎಂದಿನಂತೆ ಕಾಣುತ್ತ ಒಳಗೆ ಹೇಗೆ ಮುತ್ತಿಗೆಗೆ ಸಿಕ್ಕಿರುತ್ತದೆ ಎಂಬುದು ನನಗೆ ಆಗ ತಿಳಿಯಿತು. ಬಾಗಿಲು ತೆಗೆದೇ ಇರುತ್ತದೆ. ಯಾರೂ ಹೊರಗೆ ಹೋಗುವುದಿಲ್ಲ.

ಗೆಳತಿ ಸೀಬೆಹಣ್ಣು ತೆಗೆದುಕೊಂಡು ನೋಡಲು ಬಂದಳು. ದುಪಟ್ಟಾದ ಅಂಚು ಸುತ್ತುತ್ತ, "ಆ ಬುಕ್ ನಿಮಗೆ ಆಗ ಕೊಡಬಾರದಾಗಿತ್ತು ಮೇಡಂ," ಅಂದಳು.

"ಬುಕ್ಕಿಂದ ಏನೂ ಆಗಿಲ್ಲ," ಅಂದೆ. ಹಾಗೆ ಅಂದವಳು ನಾನೇ, ಆದರೆ ಬೀರುವಿನ ಮೇಲೆ ಕಣ್ಣು ಹಾಯಿಸಲು ನನಗೇ ಧೈರ್ಯವಿರಲಿಲ್ಲ. ಅಲ್ಲಿ ಒಬ್ಬ ಹೆಂಗಸು ಒಲೆಯ ಮುಂದೆ ಕಿವಿಗೊಟ್ಟು ಕೂತೇ ಇದ್ದಳು. ನಾನು ಹಾಳೆ ತಿರುವದಿದ್ದರೆ ಅವಳಿಗೆ ಸುದ್ದಿ ಬರುವುದಿಲ್ಲ. ಹಾಗೇ ಇರಲಿ, ಅವಳಾದರೂ ಗೊತ್ತಿಲ್ಲದವಳಾಗಿಯೇ ಇರಲಿ ಅನ್ನಿಸುತ್ತಿತ್ತು. ಶಾಲೆಗೆ ಮತ್ತೆ ಹೋಗತೊಡಗಿದೆ. ಪಠ್ಯಪುಸ್ತಕ ಬಿಟ್ಟು ಬೇರೆ ಏನನ್ನೂ ಮುಟ್ಟಲಿಲ್ಲ. ಪಾಠದಲ್ಲಿ ಕೋಟೆ ಬಂದರೆ ಮಕ್ಕಳ ಕೈಯಲ್ಲೇ ಗಟ್ಟಿಯಾಗಿ ಓದಿಸಿ ಮುಗಿಸುತ್ತಿದ್ದೆ.

ಬೇಸಿಗೆ ರಜೆ ಬಂತು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಮನೆಯೊಳಗೆ ಕೂರಲಾಗದೆ ನಾನು ಹಿತ್ತಲ ಬಾಗಿಲ ಬಳಿ ಕೂತಿದ್ದೆ. ಹಿಂದಿನಿಂದ ಅತ್ತೆ ಬಂದು ನಿಂತರು. ಅವರ ಕೈಯಲ್ಲಿ ಆ ಪುಸ್ತಕವಿತ್ತು.

"ಏಮ್ಮಾ, ಈ ನಗಾರಿಯವನು ಏನಾದ?"

ನಾನು ಆ ಕಥೆಯನ್ನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

"ನಿಮಗೆ ಹೆಂಗೆ ಗೊತ್ತು ಅತ್ತೆ?"

"ಓದಿದೆ." ಅವರು ಗೋಡೆ ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು. "ನೀನು ಸ್ಕೂಲಿಗೆ ಹೋದಾಗ. ಒಂದೊಂದೇ ಅಕ್ಷರ ಕೂಡಿಸ್ಕೊಂಡು. ಅದೇನಿತ್ತು ಅದರಲ್ಲಿ, ನೋಡೇಬಿಡಾಣ ಅಂತ ಇಳಿಸ್ದೆ. ಹಾಳಾದ್ದು, ಓದ್ತಾ ಓದ್ತಾ ಆ ಹುಡುಗಿ ಮೇಲೆ ಜೀವ ಹೋಯ್ತು. ನೀನು ನಿಲ್ಲಿಸಿದ್ದ ಕಡೇಗೆ ಬಂದೆ. ಅಲ್ಲಿಂದಾಚೆಗೆ ಒಬ್ಬಳೇ ತಿರುವಾಕ್ಕೆ ಆಗಲಿಲ್ಲ."

ಮಡಚಿದ ಹಾಳೆ ಹಾಗೇ ಇತ್ತು. ಅದರವರೆಗಿನ ಹಾಳೆಗಳ ಅಂಚು ಮಾತ್ರ ಅರಿಶಿನದ ಕೈ ತಾಗಿ ಹಳದಿಯಾಗಿತ್ತು.

ನಾನು ಗಟ್ಟಿಯಾಗಿ ಓದಿದೆ. ನಾಲಿಗೆ ಮೊದಮೊದಲು ತೊಡರಿತು. ಆ ರಾತ್ರಿ ಕಳೆದು ಬೆಳಗಾಗುತ್ತದೆ. ಯಾರೂ ಏನೂ ಹೇಳದೆ ಇದ್ದಾಗ ಅವಳು ತಾನೇ ಬುರುಜಿಗೆ ಹತ್ತುತ್ತಾಳೆ. ತಡೆಯುವವರಿಗೂ ತಡೆಯುವ ಶಕ್ತಿ ಇರುವುದಿಲ್ಲ. ಮೇಲೆ ಗಂಡ ಗೋಡೆಗೊರಗಿ ಕೂತಿರುತ್ತಾನೆ, ಜೀವಂತ. ಪಕ್ಕದಲ್ಲಿ ನಗಾರಿಯ ಬರೀ ಬೋಗುಣಿ. ಅದರ ಚರ್ಮವನ್ನು ಕಾವಲಿನವರು ಕತ್ತರಿಸಿ, ನೆನೆಹಾಕಿ, ಬೇಯಿಸಿ ತಿಂದಿದ್ದಾರೆ. ಅವನು ಅವಳ ಪಾಲು ಅಂತ ಒಂದು ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟಿರುತ್ತಾನೆ.

ಅತ್ತೆ ಕೈಯೆತ್ತಿ ನಿಲ್ಲಿಸು ಅಂದರು.

"ಬೇಯಿಸ್ಕೊಂಡ್ರಾ ಅದನ್ನ."

"ಹೂಂ."

"ನಾವು ಅವನು ಸತ್ತ ಅಂತ ಅಂದ್ಕೊಂಡ್ವಿ. ಸರೆ, ಓದು."

ಆದರೂ ಅವನು ಉಳಿಯುವುದಿಲ್ಲ. ಎರಡು ಅಧ್ಯಾಯದ ಮೇಲೆ ಗೋಡೆ ಒಡೆದಾಗ, ಕಲ್ಲು ಹೊತ್ತು ಬಿರುಕು ಮುಚ್ಚಲು ಓಡಿದವರಲ್ಲಿ ಅವನೂ ಒಬ್ಬ. ಅದನ್ನು ಲೇಖಕರು ಒಂದೇ ಸಾಲಿನಲ್ಲಿ ಹೇಳಿಬಿಡುತ್ತಾರೆ, ನಾನು ಇನ್ನೊಮ್ಮೆ ಓದಬೇಕಾಯಿತು. ಕೋಟೆ ಬೀಳುತ್ತದೆ. ಬದುಕಿದವರು ಗುಡ್ಡ ಇಳಿದು ಹೋಗುತ್ತಾರೆ. ಅವರ ಸಾಲಿನಲ್ಲಿ ತುಂಬು ಬಸುರಿ ಅವಳು, ತಲೆಯ ಮೇಲೆ ಒಂದು ಗಂಟು. ಅವಳು ಮೂಡಣ ದಾರಿ ಹಿಡಿದಳು ಎಂಬಲ್ಲಿಗೆ ಪುಸ್ತಕ ಮುಗಿಯುತ್ತದೆ.

"ಮಗು ಏನಾಯ್ತಂತೆ?" ಅತ್ತೆ ಕೇಳಿದರು.

"ಬರೆದಿಲ್ಲ."

"ಮುಂದಿನ ಹಾಳೆ ಹರಿದುಹೋಗಿದ್ಯೇನೋ ನೋಡು."

"ಇಲ್ಲ ಅತ್ತೆ. ಇಷ್ಟೇ."

"ಬರೆಯೋರಿಗೇನು," ಅಂದರು ಅತ್ತೆ, ನಿಜವಾದ ಸಿಟ್ಟಿನಿಂದ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಅವರು ಅಳುತ್ತಿದ್ದಾರೆ ಅಂತ ನನಗೆ ತಿಳಿಯಲು ಹೊತ್ತು ಹಿಡಿಯಿತು; ಅವರು ಅತ್ತಿದ್ದನ್ನು ನಾನು ನೋಡಿರಲೇ ಇಲ್ಲ.

"ನಾನೇ ಅಲ್ವೇನಮ್ಮ ಹೇಳಿದ್ದು. ದಿನ ತುಂಬಿದ್ರೆ ಮಕ್ಕಳು ಸುಮ್ಮನಾಗ್ತವೆ ಅಂತ. ಹಾಲು ಕುಡಿದು ಮಲಕ್ಕೋ ಅಂತ. ಆವತ್ತು ಜಗಲೀಲಿ ಅವಳು ನಿನ್ನನ್ನ ಅಂದಾಗ, ಇಲ್ಲ ಕಣೇ, ತಡ ಮಾಡಿದ್ದು ನಾನು ಅಂತ ಹೇಳಬೇಕು ಅಂತ ಬಾಯಿ ತನಕ ಬಂತು. ಬರಲಿಲ್ಲ. ಆವತ್ತಿಂದ ನಿನ್ನ ಮುಖ ನೋಡಾಕ್ಕೆ ಆಗ್ತಿಲ್ಲ ನನಗೆ."

ನಾನು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಗಂಟಿನ ವಿಷಯ, ನಾವು ಗಮನಿಸುವ ಹೊತ್ತಿಗೇ ಮುಗಿದಿದ್ದ ವಿಷಯ. ಅದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುತ್ತ ಹೇಳುತ್ತ ನಾನೂ ಅದನ್ನು ಮೊದಲ ಸಲ ಕೇಳಿಸಿಕೊಂಡೆ. ಅಷ್ಟು ತಿಂಗಳು ಅವರ ಸುಮ್ಮನಿರುವಿಕೆಯಲ್ಲಿ ನಾನು ನನ್ನ ಮೇಲಿನ ದೂರನ್ನೇ ಓದಿಕೊಂಡಿದ್ದೆ.

"ನನಗೂ ಒಂದು ಹೋಗಿತ್ತು," ಅತ್ತೆ ಹೇಳಿದರು. "ನಿನ್ನ ಗಂಡನಿಗಿಂತ ಮುಂಚೆ. ಹೆಣ್ಣು. ಗ್ರಹಣದಲ್ಲಿ ಹೊರಗೆ ಬಂದೆ, ಅದಕ್ಕೇ ಅಂದ್ರು ಎಲ್ಲಾರೂ. ನಾನು ಬಂದೇ ಇರಲಿಲ್ಲ. ಹಂಗಂತ ಯಾರಿಗೆ ಹೇಳ್ಲಿ." ಮಗನಿಗೂ ಗೊತ್ತಿಲ್ಲದ ಮಾತು ಅದು. ಆಮೇಲೆ, "ನಿನ್ನ ಮಗೂನ ಎಲ್ಲಿ ಮಣ್ಣು ಮಾಡಿದ್ರು ಅಂತ ನಿನಗೆ ಯಾರೂ ತೋರಿಸಿಲ್ಲ ಅಲ್ವಾ? ಹೆಂಗಸರು ಹೋಗಬಾರದು ಅಂತಾರೆ. ನಾಳೆ ಬೆಳಿಗ್ಗೆ ಹೋಗಾಣ," ಅಂದರು.

ಮಾರನೆಯ ದಿನ, ಬಿಸಿಲೇರುವ ಮುಂಚೆ, ತೋಟದ ಸೊಪ್ಪು ನೋಡಿಕೊಂಡು ಬರುತ್ತೇವೆ ಅಂತ ಗಂಡನಿಗೆ ಹೇಳಿ ಇಬ್ಬರೂ ಹೊರಟೆವು. ತೋಟದ ಕೊನೆಯಲ್ಲಿ, ಹಿಪ್ಪುನೇರಳೆ ಸಾಲು ಮುಗಿದು ಕಲ್ಲುಭೂಮಿ ಶುರುವಾಗುವ ಕಡೆ, ಬೇಲಿಯ ಒಳಮಗ್ಗುಲಿಗೆ ಅತ್ತೆ ನಿಂತರು. ಗುರುತಿಗೆ ಅಂತ ಏನೂ ಇರಲಿಲ್ಲ. ಸ್ವಲ್ಪ ಕುಸಿದ ನೆಲ, ಅದರ ಮೇಲೆ ನಾಯಿ ಕೆದಕದಂತೆ ಹೇರಿದ ಮುಳ್ಳು, ಚಪ್ಪಟೆ ಕಲ್ಲುಗಳು. ಅಲ್ಲಿಂದ ಒಂದಿಷ್ಟು ದೂರದಲ್ಲಿ ಇನ್ನೊಂದು ಜಾಗವನ್ನು ಅತ್ತೆ ಕಣ್ಣಿನಲ್ಲೇ ತೋರಿಸಿದರು. ಅಲ್ಲಿ ಬರೀ ಹುಲ್ಲು.

ಪೂಜೆಗೀಜೆ ಏನೂ ಮಾಡಲಿಲ್ಲ. ಅತ್ತೆ ಕುಕ್ಕರಗಾಲಿನಲ್ಲಿ ಕೂತು, ಜಾರಿದ್ದ ಒಂದು ಕಲ್ಲನ್ನು ಮತ್ತೆ ಸರಿಯಾಗಿ ಕೂರಿಸಿದರು. ನಾನೂ ಅವರ ಪಕ್ಕ ಕೂತು ಆ ಕಲ್ಲಿನ ಮೇಲೆ ಅಂಗೈ ಇಟ್ಟೆ. ಗಾಳಿ ಇರಲಿಲ್ಲ. ಪಕ್ಕದ ತೋಟದಲ್ಲಿ ಯಾರೋ ಮೋಟಾರು ಹಾಕಿದರು, ಪೈಪಿನಲ್ಲಿ ಮೊದಲು ಗಾಳಿ ಕೆಮ್ಮಿ ಆಮೇಲೆ ನೀರು ಬಂತು. ಕಾಲುವೆಯಲ್ಲಿ ನೀರು ನಮ್ಮ ಸಾಲಿನವರೆಗೆ ಹರಿದು ಬರುವ ತನಕ ಅಲ್ಲೇ ಕೂತಿದ್ದೆವು. ಆಮೇಲೆ ಅತ್ತೆ ನನ್ನ ಭುಜ ಹಿಡಿದುಕೊಂಡು ಎದ್ದರು.